ಒಂದೇ ಡಬ್ಬಿ ಆಯಿಲ್ ಬೈಕಿಗೂ ಸ್ಕೂಟರಿಗೂ ಆಗುತ್ತಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಸ್ಪ್ಲೆಂಡರ್, ಒಂದು ಆಕ್ಟಿವಾ ಇವೆ. ಈ ಸಲ ಆಯಿಲ್ ನಾನೇ ಬದಲಿಸೋಣ ಅಂತ ಅಂಗಡಿಗೆ ಹೋದೆ. ಎರಡಕ್ಕೂ ಆಗುತ್ತೆ ಅಂತ 20ಡಬ್ಲ್ಯೂ-40 ಕೊಟ್ಟರು. ಗಾಡಿ ಪುಸ್ತಕದಲ್ಲಿ 10ಡಬ್ಲ್ಯೂ-30 ಅಂತಿದೆ. ಕೇಳಿದರೆ "ನಮ್ಮ ಕಡೆ ಬಿಸಿಲು ಜಾಸ್ತಿ, ತೆಳು ಆಯಿಲ್ ನಿಲ್ಲಲ್ಲ" ಅಂದರು. ಯಾರ ಮಾತು ಕೇಳಲಿ? ಫಿಲ್ಟರ್ ಯಾವುದು ತರಲಿ?
– ಓದುಗರು, ಕಲಬುರಗಿ

ಉತ್ತರ: ಪುಸ್ತಕದ ಮಾತು ಕೇಳಿ. ಸೀಲ್ ಒಡೆದಿಲ್ಲ ಅಂದ್ರೆ ಆ ಡಬ್ಬಿ ವಾಪಸ್ ಕೊಟ್ಟು ಬನ್ನಿ.

ಅಂಗಡಿಯವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುವುದಿಲ್ಲ. ಒಂದು ಕಾಲದಲ್ಲಿ ನಾವು ಗ್ಯಾರೇಜಿನವರೂ ಕಣ್ಣು ಮುಚ್ಚಿಕೊಂಡು 20ಡಬ್ಲ್ಯೂ-40 ಸುರಿಯುತ್ತಿದ್ದೆವು. ಆ ರೂಢಿ ಇನ್ನೂ ಹೋಗಿಲ್ಲ. ಆದರೆ ಎಂಜಿನ್ ಒಳಗಿನ ಅಳತೆ, ಆಯಿಲ್ ಹರಿಯುವ ದಾರಿ ಎಲ್ಲವನ್ನೂ 10ಡಬ್ಲ್ಯೂ-30 ಲೆಕ್ಕದಲ್ಲೇ ಮಾಡಿದ್ದಾರೆ.

ಈ ಸಂಖ್ಯೆ ಏನು ಹೇಳುತ್ತದೆ ನೋಡಿ. 'ಡಬ್ಲ್ಯೂ' ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಸಂಖ್ಯೆ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ತಿಳಿಸುತ್ತದೆ. ಅದು ಕಮ್ಮಿ ಇದ್ದಷ್ಟೂ ಬೇಗ ಹರಿಯುತ್ತದೆ. ಮುಂದಿನ 30, 40 ಅನ್ನುವುದು 100 ಡಿಗ್ರಿ ಬಿಸಿಯಲ್ಲಿ ಅಳೆದ ದಪ್ಪ. ಈಗ ನಿಮ್ಮ ಬಿಸಿಲಿನ ಮಾತಿಗೆ ಬರೋಣ. ಹೊರಗೆ 42 ಡಿಗ್ರಿ ಇದ್ದರೆ ನಮಗೆ ತಲೆ ಸುಡುತ್ತದೆ. ಆದರೆ ಓಡುವ ಎಂಜಿನ್ ಒಳಗೆ ಆಯಿಲ್ ನೂರು ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಗಾಳಿಯಿಂದ ತಣ್ಣಗಾಗುವ ಎಂಜಿನ್ ಬೇಸಿಗೆಯಲ್ಲಿ ಇನ್ನಷ್ಟು ಕಾಯುತ್ತದೆ, ನಿಜ. ಕಂಪನಿಯವರು ನಮ್ಮ ದೇಶದ ಬೇಸಿಗೆ ನೋಡಿಕೊಂಡೇ ಪುಸ್ತಕ ಬರೆದಿರುತ್ತಾರೆ. ಎಂಜಿನ್ ಹೆಚ್ಚು ಸವೆಯುವುದು ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ. ಆಗ ಆಯಿಲ್ ಎಲ್ಲಾ ಕೆಳಗೆ ಇಳಿದಿರುತ್ತದೆ. ತೆಳು ಆಯಿಲ್ ಮೇಲಿನ ತನಕ ಬೇಗ ಏರುತ್ತದೆ.

ನಿಮ್ಮದು ತುಂಬಾ ಹಳೆಯ ಗಾಡಿಯಾಗಿದ್ದು, ಅದರ ಪುಸ್ತಕದಲ್ಲೇ ಬೇರೆ ಗ್ರೇಡ್ ಇದ್ದರೆ ಅದನ್ನೇ ಹಾಕಿ.

ಇನ್ನು ಮುಖ್ಯ ವಿಷಯ. ಎರಡು ಗಾಡಿಗೂ 10ಡಬ್ಲ್ಯೂ-30 ಆದರೂ ಡಬ್ಬಿ ಒಂದೇ ಆಗುವುದಿಲ್ಲ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ 'ಜಾಸೋ' ಅಂತ ಇರುತ್ತದೆ. ಇದು ಜಪಾನಿನವರು ದ್ವಿಚಕ್ರ ವಾಹನದ ಆಯಿಲ್‌ಗೆ ಮಾಡಿಕೊಂಡ ಗುರುತು. ಸ್ಪ್ಲೆಂಡರ್‌ಗೆ ಜಾಸೋ ಎಂಎ ಅಥವಾ ಎಂಎ2 ಬೇಕು. ಆಕ್ಟಿವಾಗೆ ಜಾಸೋ ಎಂಬಿ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಅವು ಒಂದನ್ನೊಂದು ಹಿಡಿದುಕೊಳ್ಳಬೇಕು. ಆಯಿಲ್ ವಿಪರೀತ ಜಾರಿದರೆ ಹಿಡಿತ ಹೋಗುತ್ತದೆ. ಸ್ಕೂಟರಿನ ಕ್ಲಚ್ ಬೆಲ್ಟ್ ಹತ್ತಿರ ಒಣ ಜಾಗದಲ್ಲಿ ಇರುತ್ತದೆ. ಹಾಗಾಗಿ ಜಾರುವ ಎಂಬಿ ಅದಕ್ಕೆ ಒಳ್ಳೆಯದು, ಮೈಲೇಜಿಗೂ ಒಳ್ಳೆಯದು. ತಪ್ಪಿ ಆಕ್ಟಿವಾಗೆ ಎಂಎ ಹಾಕಿದರೆ ಅಂಥಾ ತೊಂದರೆ ಏನಿಲ್ಲ. ಸ್ಪ್ಲೆಂಡರ್‌ಗೆ ಮಾತ್ರ ಎಂಬಿ ಹಾಕಬೇಡಿ.

ಒಬ್ಬ ಹುಡುಗ ಬೈಕ್ ತಂದಿದ್ದ. ಏರಿನಲ್ಲಿ ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ ಅಂದ. ಬೇರೆ ಕಡೆ ಕ್ಲಚ್ ಪ್ಲೇಟ್ ಬದಲಿಸಬೇಕು ಅಂದಿದ್ದರಂತೆ. ಕವರ್ ಬಿಚ್ಚಿ ನೋಡಿದೆ. ಪ್ಲೇಟುಗಳು ಹೊಸದರ ಹಾಗೇ ಇದ್ದವು, ದಪ್ಪ ಒಂಚೂರೂ ಕರಗಿರಲಿಲ್ಲ. ಯಾವ ಆಯಿಲ್ ಹಾಕಿದ್ದೀಯಪ್ಪ ಅಂತ ಕೇಳಿದೆ. ಅಪ್ಪನ ಕಾರಿಗೆ ತಂದು ಮಿಕ್ಕಿದ್ದ ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿದ್ದ. ಗಾಡಿ ಮೇಲಿನ ಪ್ರೀತಿಯಿಂದಲೇ ಹಾಕಿದ್ದ, ಪಾಪ. ಪ್ಲೇಟ್ ತೊಳೆದು, ಎಂಎ2 ಹಾಕಿ ಓಡಿಸಿ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಆಯಿಲ್ ಬದಲಿಸಿದೆವು. ಕ್ಲಚ್ ಸರಿಯಾಯಿತು. ಎಲ್ಲರದೂ ಹೀಗೆ ಸುಲಭಕ್ಕೆ ಮುಗಿಯಲ್ಲ.

ಡಬ್ಬಿ ಮೇಲೆ 'ಎಪಿಐ' (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತು) ಮುಂದೆ ಎಸ್‌ಎಲ್, ಎಸ್‌ಎನ್, ಎಸ್‌ಪಿ ಅಂತಲೂ ಇರುತ್ತದೆ. ಎಸ್ ಆದ ಮೇಲಿನ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಎನ್ ಬಂದಿದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಪುಸ್ತಕದಲ್ಲಿ ಹೇಳಿದ್ದು ಅಥವಾ ಅದಕ್ಕಿಂತ ಹೊಸದು ಆದೀತು. ಬೈಕಿಗೆ ಮಾತ್ರ ಜಾಸೋ ನೋಡದೆ ತರಬೇಡಿ.

ಫಿಲ್ಟರ್ ಹುಡುಕಿ ಅಲೆಯಬೇಡಿ. ಈ ಎರಡು ಗಾಡಿಗೂ ಪೇಪರ್ ಫಿಲ್ಟರ್ ಇಲ್ಲ. ಒಳಗೆ ಲೋಹದ ಜಾಲರಿ ಇರುತ್ತದೆ, ಅದನ್ನು ತೊಳೆದು ಹಾಕಬೇಕು. ಸ್ಪ್ಲೆಂಡರ್‌ನಲ್ಲಿ ಅದಕ್ಕೆ ಬಲಗಡೆಯ ಕವರ್ ಬಿಚ್ಚಬೇಕು, ಗ್ಯಾಸ್ಕೆಟ್ ಹೊಸದು ಹಾಕಬೇಕು. ಆ ಕೆಲಸ ಮೆಕ್ಯಾನಿಕ್ಕಿಗೆ ಬಿಡಿ.

ಆಯಿಲ್ ಅಳತೆ ಪುಸ್ತಕದಲ್ಲಿ ಇದೆ. ಒಂದು ಲೀಟರ್ ಡಬ್ಬಿ ತಂದಿದ್ದೀರಿ ಅಂತ ಅಷ್ಟೂ ಸುರಿಯಬೇಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಡಿಪ್‌ಸ್ಟಿಕ್ ಒರೆಸಿ. ಈ ಎರಡು ಗಾಡಿಯಲ್ಲೂ ಅದನ್ನು ತಿರುಗಿಸಿ ಬಿಗಿ ಮಾಡದೆ ಸುಮ್ನೆ ಒಳಗಿಟ್ಟು ತೆಗೆದು ನೋಡಬೇಕು. ಬಿಗಿ ಮಾಡಿ ನೋಡಿದರೆ ಆಯಿಲ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಿ. ಬೋಲ್ಟ್ ಕೂರುವ ಜಾಗ ಅಲ್ಯೂಮಿನಿಯಂ. ಉದ್ದ ಹಿಡಿಯ ಸ್ಪ್ಯಾನರ್ ಹಿಡಿದು ಜಗ್ಗಿದರೆ ಥ್ರೆಡ್ಡೇ ಕಿತ್ತು ಬರುತ್ತದೆ.

ಪ್ರಶ್ನೆ: ಪೆಟ್ರೋಲ್ ಕಾರಿನ ಆಯಿಲ್ ಫಿಲ್ಟರ್ ಅಂಗಡಿಯಲ್ಲಿ ಮೂರು ನಾಲ್ಕು ಥರ ಸಿಗುತ್ತದೆ. ನೋಡಲು ಎಲ್ಲಾ ಒಂದೇ ಡಬ್ಬ. ಬೆಲೆ ಮಾತ್ರ ಬೇರೆ. ಅಗ್ಗದ್ದು ಹಾಕಿದರೆ ನಿಜವಾಗಲೂ ಏನಾಗುತ್ತದೆ? ಕೂರಿಸುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಹೊರಗಿನಿಂದ ಒಂದೇ, ಒಳಗೆ ಒಂದೇ ಅಲ್ಲ. ಹಳೆಯ ಫಿಲ್ಟರ್‌ಗಳನ್ನು ಕತ್ತರಿಸಿ ನೋಡುವುದು ನನಗೆ ಅಭ್ಯಾಸ. ಒಳ್ಳೆಯದರಲ್ಲಿ ಕಾಗದದ ಮಡಿಕೆಗಳು ಒತ್ತಾಗಿ, ಸಮನಾಗಿ ಇರುತ್ತವೆ. ಅಗ್ಗದ್ದರಲ್ಲಿ ಮಡಿಕೆ ಕಮ್ಮಿ. ಅಂಟು ಬಿಟ್ಟು ಒಂದು ಕಡೆ ಬಾಯಿ ತೆರೆದಿದ್ದನ್ನೂ ನೋಡಿದ್ದೇನೆ. ಅಲ್ಲಿಂದ ಆಯಿಲ್ ಸೋಸದೆ ಹಾಗೇ ಹೋಗುತ್ತದೆ.

ತಳದಲ್ಲಿ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಎಂಜಿನ್ ನಿಲ್ಲಿಸಿದಾಗ ಫಿಲ್ಟರ್ ಒಳಗಿನ ಆಯಿಲ್ ಕೆಳಗೆ ಇಳಿದು ಹೋಗದಂತೆ ತಡೆಯುವುದು ಅದರ ಕೆಲಸ. ಕಳಪೆ ರಬ್ಬರ್ ಬಿಸಿಗೆ ಬಿರುಸಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕಟಕಟ ಸದ್ದು ಬಂದು ನಿಂತರೆ, ಇದೂ ಒಂದು ಕಾರಣ ಇರಬಹುದು. ಇನ್ನೊಂದು ಸ್ಪ್ರಿಂಗ್ ವಾಲ್ವ್ ಇರುತ್ತದೆ. ಕಾಗದ ಕಟ್ಟಿಕೊಂಡರೆ ಅದು ತೆರೆದು ಸೋಸದ ಆಯಿಲನ್ನಾದರೂ ಎಂಜಿನ್‌ಗೆ ಕಳಿಸುತ್ತದೆ. ಆ ಸ್ಪ್ರಿಂಗ್ ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನುವುದು ಒಂದೊಂದು ಎಂಜಿನ್‌ಗೆ ಒಂದೊಂದು ಥರ. ಅದಕ್ಕೇ ಹೇಳುವುದು, ಥ್ರೆಡ್ ಕೂತಿತು ಅಂತ ಯಾವುದೋ ಫಿಲ್ಟರ್ ಹಾಕಬಾರದು. ಕಂಪನಿಯದು ತನ್ನಿ. ಇಲ್ಲಾಂದ್ರೆ ಬಾಷ್, ಮಾನ್, ಪ್ಯೂರೊಲೇಟರ್ ಥರದ ಹೆಸರಿನವರದು ನಿಮ್ಮ ಮಾಡೆಲ್ ಮತ್ತು ವರ್ಷ ಹೇಳಿ ತನ್ನಿ. ಮೂರು ನಾಲ್ಕು ಲೀಟರ್ ಒಳ್ಳೆಯ ಆಯಿಲ್ ಹಾಕುವವರು ಫಿಲ್ಟರ್‌ನಲ್ಲಿ ಉಳಿಸಲು ಹೋಗಬಾರದು.

ಕೂರಿಸುವ ಮುಂಚೆ ಒಂದು ವಿಷಯ ಕಡ್ಡಾಯವಾಗಿ ನೋಡಿ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಕೆಲವೊಮ್ಮೆ ಎಂಜಿನ್‌ಗೇ ಅಂಟಿಕೊಂಡು ಉಳಿಯುತ್ತದೆ. ಕಪ್ಪು ಆಯಿಲ್‌ನಲ್ಲಿ ಕಣ್ಣಿಗೆ ಬೀಳಲ್ಲ. ಅದರ ಮೇಲೆ ಹೊಸದು ಕೂರಿಸಿದರೆ ಎರಡು ರಿಂಗ್ ಆಗುತ್ತದೆ. ಆಮೇಲೆ ಓಡುವಾಗ ಜಾರಿ, ಆಯಿಲ್ ಎಲ್ಲಾ ರಸ್ತೆ ಪಾಲಾಗುತ್ತದೆ. ಬೆರಳಿನಿಂದ ಸುತ್ತ ಸವರಿ ನೋಡಿ, ಬಟ್ಟೆಯಿಂದ ಒರೆಸಿ. ಹೊಸ ರಿಂಗಿಗೆ ಒಂದು ಹನಿ ಹೊಸ ಆಯಿಲ್ ಸವರಿ. ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಫಿಲ್ಟರ್ ಮೇಲೂ ಬರೆದಿರುತ್ತಾರೆ. ಫಿಲ್ಟರ್ ವ್ರೆಂಚ್ ಇರುವುದು ಬಿಚ್ಚೋದಕ್ಕೆ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ದೀಪ ಆರುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ. ನಿಲ್ಲಿಸಿ ಐದು ನಿಮಿಷ ಬಿಟ್ಟು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ.

ಹೊಸ ಪೆಟ್ರೋಲ್ ಕಾರುಗಳಿಗೆ ಈಗ 0ಡಬ್ಲ್ಯೂ-20, 0ಡಬ್ಲ್ಯೂ-16 ತನಕ ತೆಳು ಆಯಿಲ್ ಬಂದಿದೆ. ನೀರಿನ ಹಾಗೆ ಕಾಣುತ್ತದೆ ಅಂತ ಹೆದರಿ ದಪ್ಪದ್ದು ಹಾಕಬೇಡಿ.

ಕಾರಿನ ಜೊತೆ ಕೊಟ್ಟ ಜಾಕಿ ಟೈರ್ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ, ದಯವಿಟ್ಟು. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಆಯಿಲ್, ಫಿಲ್ಟರ್ ಎರಡೂ ನೀವೇ ತಂದು, ಗ್ಯಾರೇಜಿನಲ್ಲಿ ಎದುರು ನಿಂತು ಹಾಕಿಸಿ.

ಪ್ರಶ್ನೆ: ನನ್ನದು ಬಿಎಸ್6 ಡೀಸೆಲ್ ಕಾರು. ಬದಲಿಸಿದ ಒಂದು ವಾರಕ್ಕೇ ಆಯಿಲ್ ಕಪ್ಪಾಗಿದೆ. ಹಾಳಾಯಿತಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಆಯಿಲ್ ಕೆಲಸ, ಡೀಸೆಲ್‌ನಲ್ಲಿ ಬೇಗ ಕಪ್ಪಾಗುತ್ತದೆ. ನಿಮ್ಮ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಸೋಸುವ ಡಿಪಿಎಫ್ ಇದ್ದರೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು. ಪುಸ್ತಕದಲ್ಲಿ ಎಸಿಇಎ (ಯುರೋಪಿನ ಕಾರು ಕಂಪನಿಗಳ ಸಂಘದ ಗುರುತು) ಸಿ2 ಅಥವಾ ಸಿ3 ಅಂತ ಇರಬಹುದು, ಅದೇ ಗುರುತಿನ ಡಬ್ಬಿ ತನ್ನಿ. ಹಳೆಯ ಡೀಸೆಲ್ ಆಯಿಲ್ ಹಾಕಿದರೆ ಬೂದಿ ಕೂತು ಡಿಪಿಎಫ್ ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಬಹಳ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಡೀಸೆಲ್ ಬೆರೆಯುತ್ತಿದೆ ಅಂತ ಅನುಮಾನಿಸಿ, ಬೇಗ ತೋರಿಸಿ. ಬರೀ ಊರೊಳಗೆ ಓಡುವ ಗಾಡಿಗಳಲ್ಲಿ ಇದು ಆಗುತ್ತದೆ.

ಪ್ರಶ್ನೆ: ತೆಗೆದ ಹಳೆ ಆಯಿಲನ್ನು ಗೆದ್ದಲು ಬರಬಾರದು ಅಂತ ತೋಟದ ಬೇಲಿ ಗೂಟಕ್ಕೆ ಹಚ್ಚುತ್ತೇವೆ. ತಪ್ಪೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಹಚ್ಚಬೇಡಿ. ನಮ್ಮ ಹಿರಿಯರೂ ಹಚ್ಚುತ್ತಿದ್ದರು, ಗೊತ್ತು. ಆದರೆ ಓಡಿದ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ, ಸುಟ್ಟು ಹುಟ್ಟಿದ ಕ್ಯಾನ್ಸರ್ ತರುವ ಅಂಶಗಳೂ ಇರುತ್ತವೆ. ನಿಮ್ಮ ಕಡೆಯ ಮಳೆಗೆ ಅದು ಗೂಟದಲ್ಲಿ ನಿಲ್ಲಲ್ಲ. ತೊಳೆದು ಮಣ್ಣಿಗೆ, ಹಳ್ಳಕ್ಕೆ, ಬಾವಿಗೆ ಇಳಿಯುತ್ತದೆ. 2016ರ ಕೇಂದ್ರ ನಿಯಮಗಳಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಬದಲಿಸುವಾಗ ಕೈಗವಸು ಹಾಕಿಕೊಳ್ಳಿ. ಹಳೆ ಆಯಿಲನ್ನು ಹೊಸದು ಬಂದ ಡಬ್ಬಿಗೇ ತುಂಬಿ. ಫಿಲ್ಟರ್ ಇದ್ದರೆ ಒಂದು ರಾತ್ರಿ ತಲೆಕೆಳಗಾಗಿ ಇಟ್ಟು ಅದರ ಆಯಿಲನ್ನೂ ಇಳಿಸಿಕೊಳ್ಳಿ. ಪರವಾನಗಿ ಇರುವ ರೀಸೈಕ್ಲಿಂಗ್‌ನವರಿಗೆ ಕೊಡುವ ಸರ್ವಿಸ್ ಸೆಂಟರ್ ಯಾವುದು ಅಂತ ಕೇಳಿ ಅಲ್ಲಿಗೆ ಒಯ್ಯಿರಿ. ಅವರ ಡ್ರಮ್ಮಿಗೆ ಸುರಿದ ಮೇಲೆ ಖಾಲಿ ಡಬ್ಬಿಯನ್ನು ಅಲ್ಲೇ ಚಾಕುವಿನಿಂದ ಸೀಳಿ, ಲೇಬಲ್ ಕಿತ್ತುಬಿಡಿ. ನಕಲಿ ಆಯಿಲ್ ತುಂಬುವವರು ಹುಡುಕುವುದು ಅಂಥಾ ಚೊಕ್ಕ ಡಬ್ಬಿಗಳನ್ನೇ.