ಐದನೇ ತರಗತಿಯ ಮಗನನ್ನು ಶಾಲೆಯ ಸ್ಕೌಟ್ ದಳಕ್ಕೆ ಸೇರಿಸಬಹುದೇ? ಅಲ್ಲಿ ಏನು ಕಲಿಸುತ್ತಾರೆ, ನಿಯಮಗಳೇನು?

10 ವರ್ಷ ತುಂಬಿದ್ದರೆ ಖಂಡಿತ ಸೇರಿಸಿ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ದಳದಲ್ಲಿ ಆರರಿಂದ ಎಂಟು ಮಕ್ಕಳದು ಒಂದೊಂದು ಗುಂಪು, ನಾಯಕನೂ ಅವರಲ್ಲೇ ಒಬ್ಬ. ಧ್ವಜವಂದನೆ, ಆಟ, ಶಿಬಿರ, ಪ್ರಥಮ ಚಿಕಿತ್ಸೆ ಎಲ್ಲವೂ ಇರುತ್ತವೆ. ಹಗ್ಗದ ಗಂಟುಗಳನ್ನಂತೂ ಕೈ ಪಳಗುವವರೆಗೆ ಕಟ್ಟಿಸುತ್ತಾರೆ. ರೀಫ್ ಗಂಟಿಗೆ ಮೊದಲು ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಗೂ ಅದೇ ಗಂಟು.

ಸ್ಕೌಟ್ ನಿಯಮಗಳು ಒಂಬತ್ತು: ನಂಬಿಕೆ, ನಿಷ್ಠೆ, ಸ್ನೇಹ, ಸೌಜನ್ಯ, ಧೈರ್ಯ, ಮಿತವ್ಯಯ ಹೀಗೆ. ಆರನೆಯದು ನನಗೆ ಬಹಳ ಮುಖ್ಯ: ಶಿಸ್ತಿನ ಜೊತೆಗೇ ಸಾರ್ವಜನಿಕ ಆಸ್ತಿಯ ರಕ್ಷಣೆ. ಬಸ್ಸಿನ ಸೀಟು ಹರಿಯುವವರನ್ನು ದಿನವೂ ನೋಡುವ ಮಗುವಿಗೆ ಇದು ಬೇಕೇ ಬೇಕು. ಸ್ಕೌಟ್‌ಗಳು ಕೈಕುಲುಕುವುದು ಎಡಗೈಯಿಂದ. ಮಗ ಮನೆಯಲ್ಲಿ ಹಾಗೆ ಮಾಡಿದರೆ ಗದರಬೇಡಿ.