ಕಾರು ಕೇಳಿ: ಕೊಟ್ಟ ಹಣಕ್ಕೆ ತಕ್ಕ ಕಾರು ಯಾವುದು?

ಪ್ರಶ್ನೆ: ಎಲ್ಲ ಸೇರಿ ಎಂಟು ಲಕ್ಷದೊಳಗೆ ಹೊಸ ಕಾರು ಬೇಕು. ತಿಂಗಳಿಗೆ ಸುಮಾರು 600 ಕಿ.ಮೀ. ಓಡಾಟ, ಹೆಚ್ಚಾಗಿ ಊರೊಳಗೆ. ಸಿಎನ್‌ಜಿ ತಗೊಂಡರೆ ತುಂಬಾ ಉಳಿಯುತ್ತದೆ ಎನ್ನುತ್ತಾರೆ. ನಿಜವೇ ಸರ್?
– ಶಿಕ್ಷಕಿ, ತುಮಕೂರು

ಉತ್ತರ: ನಿಮ್ಮ ಓಡಾಟಕ್ಕೆ ಪೆಟ್ರೋಲ್ ಕಾರೇ ಸಾಕು. ಲೆಕ್ಕ ಹಾಕಿ ನೋಡಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಊರೊಳಗೆ 15 ಕಿ.ಮೀ. ಮೈಲೇಜ್ ಎಂದುಕೊಂಡರೆ ಕಿಲೋಮೀಟರಿಗೆ 6.87 ರೂಪಾಯಿ. ಸಿಎನ್‌ಜಿ ಕೆ.ಜಿ.ಗೆ 90 ರೂಪಾಯಿ, 24 ಕಿ.ಮೀ. ಎಂದರೆ 3.75. ಉಳಿಯುವುದು ಸುಮಾರು 3.12 ರೂಪಾಯಿ. ಸಿಎನ್‌ಜಿ ಮಾದರಿಗೆ 95 ಸಾವಿರ ಹೆಚ್ಚು ಕೊಡುತ್ತೀರಿ ಎಂದಿಟ್ಟುಕೊಳ್ಳಿ, ಅದು ಹುಟ್ಟಬೇಕಾದರೆ 30 ಸಾವಿರ ಕಿ.ಮೀ. ಓಡಬೇಕು. ನಿಮಗೆ ಅದು ನಾಲ್ಕು ವರ್ಷಕ್ಕೂ ಮೇಲೆ. ತಿಂಗಳಿಗೆ 1,500 ಕಿ.ಮೀ. ಓಡುವವರಿಗಾದರೆ 20 ತಿಂಗಳು. ಅವರು ಕಣ್ಣುಮುಚ್ಚಿ ಸಿಎನ್‌ಜಿ ತಗೊಳ್ಳಬಹುದು. ನಿಮ್ಮೂರಿನ ಇವತ್ತಿನ ದರ ಹಾಕಿ ಇದೇ ಲೆಕ್ಕ ಇನ್ನೊಮ್ಮೆ ಮಾಡಿ.

ಸಿಎನ್‌ಜಿಯಲ್ಲಿ ಬೇರೆ ತಾಪತ್ರಯಗಳೂ ಇವೆ. ವ್ಯಾಗನ್‌ಆರ್‌ನ 1 ಲೀಟರ್ ಎಂಜಿನ್ ಪೆಟ್ರೋಲಿನಲ್ಲಿ 67 ಪಿಎಸ್ (ಅಶ್ವಶಕ್ತಿ) ಕೊಟ್ಟರೆ ಸಿಎನ್‌ಜಿಯಲ್ಲಿ 57. ಐದು ಜನ ಕೂತು ಎಸಿ ಹಾಕಿ ಏರು ಹತ್ತುವಾಗ ಅದು ಗೊತ್ತಾಗುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ತಪಾಸಣೆ ಮಾಡಿಸಬೇಕು. ಒಂದೇ ದೊಡ್ಡ ಸಿಲಿಂಡರ್ ಇದ್ದರೆ ಡಿಕ್ಕಿಯಲ್ಲಿ ಸೂಟ್‌ಕೇಸ್ ಹಿಡಿಯದು. ಪಂಚ್, ಎಕ್ಸ್‌ಟರ್‌ನಂಥ ಕಾರುಗಳಲ್ಲಿ ಎರಡು ಸಣ್ಣ ಸಿಲಿಂಡರನ್ನು ಡಿಕ್ಕಿಯ ತಳದಲ್ಲಿ ಇಟ್ಟಿರುವುದರಿಂದ ಆ ತೊಂದರೆ ಕಡಿಮೆ.

ಇನ್ನು ಬಜೆಟ್. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14ರಷ್ಟು ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್. ವಿಮೆಯೂ ಸೇರಿದರೆ, ಎಂಟು ಲಕ್ಷದೊಳಗೆ ಮುಗಿಯಬೇಕಾದ ಕಾರಿನ ಎಕ್ಸ್‌ಶೋರೂಂ ಬೆಲೆ 6.6 ಲಕ್ಷ ದಾಟಬಾರದು. ಈ ಹಣದಲ್ಲಿ ಪಂಚ್ ಮತ್ತು ಡಿಸೈರ್‌ನ ಕೆಳಗಿನ ಮಾದರಿಗಳನ್ನು ಓಡಿಸಿ ನೋಡಿ. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಪಂಚ್ 2021ರಲ್ಲಿ, ಡಿಸೈರ್ 2024ರಲ್ಲಿ ಐದು ಸ್ಟಾರ್ ಪಡೆದಿವೆ. ದೊಡ್ಡ ಸ್ಕ್ರೀನು, ಅಲಾಯ್ ವೀಲು ಆಮೇಲೂ ಹಾಕಿಸಬಹುದು. ಏರ್‌ಬ್ಯಾಗ್ ಆಮೇಲೆ ಹಾಕಿಸಲು ಬರುವುದಿಲ್ಲ.

ಪ್ರಶ್ನೆ: ಪರಿಚಯದವರೊಬ್ಬರು 2018ರ ಡೀಸೆಲ್ ಸ್ವಿಫ್ಟ್ ಮಾರುತ್ತಿದ್ದಾರೆ. 90 ಸಾವಿರ ಕಿ.ಮೀ. ಓಡಿದೆ. ಏನೇನು ನೋಡಬೇಕು?
– ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿದ್ದಾಗಲೇ ರೇಡಿಯೇಟರ್ ಪಕ್ಕದ ಕೂಲಂಟ್ ಡಬ್ಬಿ ನೋಡಿ. ಎಣ್ಣೆ ಪಸೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ನಂತರ ಸ್ಟಾರ್ಟ್ ಮಾಡಿ, ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಹೊಗೆ ದಬದಬನೆ ಉಗುಳುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ ಎಂದರ್ಥ. ಇವೆರಡರಲ್ಲಿ ಒಂದು ಕಂಡರೂ ಬೇರೆ ಕಾರು ಹುಡುಕಿ.

ಬಾನೆಟ್ ಮತ್ತು ಮಡ್‌ಗಾರ್ಡ್ ಹಿಡಿದಿರುವ ಬೋಲ್ಟ್‌ಗಳ ತಲೆ ಗಮನಿಸಿ. ಸ್ಪ್ಯಾನರ್ ಗುರುತು, ಪೇಂಟ್ ಕಿತ್ತಿರುವುದು ಕಂಡರೆ ಎಲ್ಲೋ ಗುದ್ದಿಸಿ ಬಿಚ್ಚಿ ಕಟ್ಟಿದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮೇಲೆ ಚೊಕ್ಕವಾಗಿದ್ದು ಒಳಗಿನ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಲ್ಲಿ ಮುಳುಗಿತ್ತೇ ಎಂದು ಅನುಮಾನಿಸಲೇಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ; 2319 ಎಂದರೆ 2019ರ 23ನೇ ವಾರ. ಅಷ್ಟು ಹಳೆಯ ಟೈರಾದರೆ ಗೀರು ಉಳಿದಿದ್ದರೂ ನಾಲ್ಕೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆಯ ಜೊತೆ ತಾಳೆ ಹಾಕಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ಮಿತಿ) ಡೀಸೆಲ್ ಕಾರುಗಳ ಮಸಿ ಸೋಸುವ ಡಿಪಿಎಫ್, ಸಣ್ಣಪುಟ್ಟ ಓಡಾಟದಲ್ಲೇ ಕಟ್ಟಿಕೊಳ್ಳುತ್ತದೆ. ನೀವು ನೋಡುತ್ತಿರುವ ಕಾರು ಅದಕ್ಕಿಂತ ಮೊದಲಿನದು, ಆ ಚಿಂತೆ ಇಲ್ಲ.

ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಸಹಿ ಹಾಕಿಸಿ. ಸಾಲದ ಕಾರಾಗಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಫಾರಂ 35 (ದಾಖಲೆಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಸಿಗದು, ಅದರ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ಪ್ರಶ್ನೆ: ವಿಮೆಯನ್ನೂ ಆಕ್ಸೆಸರಿ ಕಿಟ್ಟನ್ನೂ ತಮ್ಮಲ್ಲೇ ತಗೋಬೇಕು ಅಂತ ಶೋರೂಮಿನವರು ಹೇಳುತ್ತಾರೆ. ಕಡ್ಡಾಯವೇ?
– ಬೆಂಗಳೂರು

ಉತ್ತರ: ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದನ್ನು ಎಲ್ಲಿಂದಾದರೂ ತರಬಹುದು. ಹೊರಗಿನ ಎರಡು ಕೊಟೇಶನ್ ತೆಗೆದುಕೊಂಡು ಹೋಗಿ ತೋರಿಸಿ, ಎಷ್ಟೋ ಸಲ ಅಲ್ಲೇ ಇಳಿಸುತ್ತಾರೆ. ಹೋಲಿಸುವಾಗ ಐಡಿವಿ (ಕಾರು ಕಳುವಾದರೆ ವಿಮೆಯಿಂದ ಸಿಗುವ ಗರಿಷ್ಠ ಮೊತ್ತ) ಒಂದೇ ಇರಲಿ. ಐಡಿವಿ ತಗ್ಗಿಸಿ ಪ್ರೀಮಿಯಂ ಕಡಿಮೆ ತೋರಿಸಿದರೆ, ಕಾರು ಕಳುವಾದಾಗ ನಷ್ಟ ನಿಮ್ಮದೇ. ಬಿಲ್ಲಿನಲ್ಲಿ ‘ಹ್ಯಾಂಡ್ಲಿಂಗ್ ಚಾರ್ಜ್’ ಕಂಡರೆ ತೆಗೆಸಿ.

ಪ್ರಶ್ನೆ: ಘಾಟಿ ರಸ್ತೆಗೆ ಎಎಂಟಿ (ತಾನೇ ಬದಲಾಗುವ) ಗೇರಿನ ಕಾರು ಆಗುತ್ತದೆಯೇ?
– ಮಡಿಕೇರಿ

ಉತ್ತರ: ಆಗುತ್ತದೆ, ಹಿಲ್ ಹೋಲ್ಡ್ (ಏರಿನಲ್ಲಿ ಹೊರಡುವಾಗ ಗಾಡಿ ಹಿಂದೆ ಜಾರದಂತೆ ಹಿಡಿಯುವ ವ್ಯವಸ್ಥೆ) ಇರುವ ಮಾದರಿಯನ್ನೇ ಆರಿಸಿ. ಎಎಂಟಿಯ ಒಳಗಿರುವುದು ಮಾಮೂಲಿ ಕ್ಲಚ್ಚೇ. ಅದನ್ನು ಒತ್ತುವುದು ಮಾತ್ರ ಯಂತ್ರ. ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡೇ ಗಾಡಿ ಹಿಡಿದರೆ ಕ್ಲಚ್ ಕಾದು ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿ, ಹೊರಡುವಾಗ ಬಿಡಿ. ಇಳಿಜಾರಿನಲ್ಲಿ ಮ್ಯಾನುವಲ್ ಮೋಡ್‌ಗೆ ತಂದು ಎರಡನೇ ಗೇರಿನಲ್ಲಿ ಇಳಿದರೆ ಬ್ರೇಕ್ ಅತಿಯಾಗಿ ಬಿಸಿಯಾಗುವುದಿಲ್ಲ.