ಆಪ್ತಸಲಹೆ ಪ್ರಕರಣ: ‘ಇದು ನಿಜವಾ, ಶೂಟಿಂಗಾ?’ ಎಂದು ಕೇಳುತ್ತಿದ್ದ ಹುಡುಗಿ

ಮುಂಬಯಿಯ ಮುಲುಂಡಿನಲ್ಲಿ ನೆಲೆಸಿರುವ, ಮೂಲತಃ ಕರಾವಳಿಯ ಕಡೆಯ ಕನ್ನಡ ಕುಟುಂಬವೊಂದು ತಮ್ಮ ಹದಿಮೂರು ವರ್ಷದ ಮಗಳನ್ನು ನನ್ನ ಬಳಿಗೆ ಕರೆತಂದಿತ್ತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯೂ ಅವಳ ಹೆತ್ತವರೂ ಇದನ್ನು ಓದಿ ಒಪ್ಪಿದ್ದಾರೆ, ಮತ್ತು ಅವಳು ಬೇಡವೆಂದ ಸಂಗತಿಗಳನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ. ಈ ಪ್ರಕರಣದಲ್ಲಿ ಆ ಕೊನೆಯ ಎಚ್ಚರಿಕೆ ಯಾಕೆ ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಹೆತ್ತವರನ್ನು ಹೆದರಿಸಿದ ಘಟನೆ ಹೀಗಿದೆ. ಒಂದು ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ನೋವಿನಿಂದ ಕೂಗಿಕೊಂಡರು. ಹತ್ತಿರದಲ್ಲೇ ಇದ್ದ ಹುಡುಗಿ ಓಡಿಹೋಗಿ ಎತ್ತಲಿಲ್ಲ, ಯಾರನ್ನೂ ಕರೆಯಲೂ ಇಲ್ಲ. ಬಾಗಿಲಲ್ಲೇ ನಿಂತು ಕಪಾಟಿನ ಮೇಲೆ, ಕಿಟಕಿಯ ಸರಳುಗಳ ನಡುವೆ, ನೀರಿನ ಡ್ರಮ್ಮಿನ ಹಿಂದೆ ಕಣ್ಣಾಡಿಸುತ್ತಿದ್ದಳು. ತಾಯಿ ಬಂದು ಬೈದಾಗ ಅವಳು ಕೇಳಿದ್ದು ಒಂದೇ ಮಾತು: “ಅಮ್ಮ, ಇದು ನಿಜವಾ, ಶೂಟಿಂಗಾ?” ಅಜ್ಜಿಯ ಮಣಿಕಟ್ಟಿನ ಮೂಳೆ ಮುರಿದಿತ್ತು. ಅಂದಿನಿಂದ ಹುಡುಗಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಬಟ್ಟೆ ಬದಲಿಸುವಾಗ ದೀಪ ಆರಿಸುತ್ತಿದ್ದಳು, ಮನೆಯಲ್ಲಿ ನಡೆಯುವುದೆಲ್ಲ ಮೊದಲೇ ಗೊತ್ತುಮಾಡಿದ್ದು ಎನ್ನುತ್ತಿದ್ದಳು.

ತಂದೆ ಬರುವಾಗಲೇ ಒಂದು ರೋಗನಿರ್ಣಯವನ್ನು ಹೊತ್ತು ತಂದಿದ್ದರು. ರಜೆಯಲ್ಲಿ ಪುಣೆಯ ದೊಡ್ಡಪ್ಪನ ಮನೆಗೆ ಹೋಗಿದ್ದ ಹುಡುಗಿ ಅಲ್ಲಿ ಅಕ್ಕನ ಜೊತೆ ‘ದ ಟ್ರೂಮನ್ ಶೋ’ ಚಿತ್ರ ನೋಡಿದ್ದಳು; ತನಗೇ ತಿಳಿಯದಂತೆ ತನ್ನ ಬದುಕು ಟಿವಿ ಕಾರ್ಯಕ್ರಮವಾಗಿರುವ ಒಬ್ಬನ ಕಥೆ ಅದು. “ಸಿನಿಮಾ ನೋಡಿದ ಮೇಲೆ ತಲೆಗೆ ಹತ್ತಿದೆ, ಅದಕ್ಕೆ ಒಂದು ಕಾಯಿಲೆಯ ಹೆಸರೂ ಇದೆಯಂತೆ” ಎಂದು ಅವರು ಹೇಳಿದರು. ಅವರು ಓದಿದ್ದು ಸುಳ್ಳಲ್ಲ. ತನ್ನ ಬದುಕು ಒಂದು ರಹಸ್ಯ ಟಿವಿ ಕಾರ್ಯಕ್ರಮ, ಸುತ್ತಲಿನವರೆಲ್ಲ ನಟರು ಎಂದು ಬಲವಾಗಿ ನಂಬಿದ ರೋಗಿಗಳನ್ನು ಅಮೆರಿಕದ ಮನೋವೈದ್ಯ ಜೋಯೆಲ್ ಗೋಲ್ಡ್ ಕಂಡಿದ್ದಾರೆ. ಅವರು ಮತ್ತು ಅವರ ಸಹೋದರ ಇಯಾನ್ ಗೋಲ್ಡ್ 2012ರಲ್ಲಿ ಈ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದ್ದಾರೆ. ವೈದ್ಯರು ಬಳಸುವ ಕೈಪಿಡಿಗಳಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಹಳೆಯ ಸಂಶಯದ ಭ್ರಾಂತಿಯೇ ಕಾಲಕ್ಕೆ ತಕ್ಕ ವೇಷ ತೊಟ್ಟು ಬಂದದ್ದು ಎಂದು ಅದನ್ನು ತಿಳಿಯಬಹುದು.

ಆದ್ದರಿಂದ ನಾನು ಮೊದಲು ಈ ಸಾಧ್ಯತೆಯನ್ನೇ ಪರಿಶೀಲಿಸಿದೆ. ಭ್ರಾಂತಿಗೆ ಒಳಗಾದವರ ಸಂಶಯ ಸಾಮಾನ್ಯವಾಗಿ ಹಬ್ಬುತ್ತಾ ಹೋಗುತ್ತದೆ. ಲೋಕಲ್ ರೈಲಿನ ಸಹಪ್ರಯಾಣಿಕರು, ಹಾಲು ತರುವವನು, ಪತ್ರಿಕೆಯ ಸುದ್ದಿ ಎಲ್ಲವೂ ತನಗಾಗಿಯೇ ಹೂಡಿದ ಸಂಚಿನ ಭಾಗವಾಗುತ್ತವೆ, ಮತ್ತು ಎಂತಹ ಎದುರು ಪುರಾವೆಯೂ ಆ ನಂಬಿಕೆಯನ್ನು ಕದಲಿಸುವುದಿಲ್ಲ. ಈ ಹುಡುಗಿಯ ಸಂಶಯ ತನ್ನ ಮನೆಯ ಹೊಸ್ತಿಲು ದಾಟಿರಲಿಲ್ಲ. ಶಾಲೆಯಲ್ಲಿ, ಪುಣೆಯಲ್ಲಿ, ನನ್ನ ಕೋಣೆಯಲ್ಲಿ ಅವಳಿಗೆ ಅಂಥ ಅನುಮಾನ ಬಂದಿರಲಿಲ್ಲ. ಧ್ವನಿಗಳು ಕೇಳಿಸುತ್ತಿರಲಿಲ್ಲ, ಓದು ಕುಂದಿರಲಿಲ್ಲ. “ಮೇಡಂ, ಇಲ್ಲಿ ಕ್ಯಾಮೆರಾ ಇಲ್ಲ ಅಂತ ಗೊತ್ತು. ಮನೆಯಲ್ಲಿ ಇದೆ ಅಂತಲೂ ಗೊತ್ತು. ಯಾವಾಗ ಆನ್ ಇರುತ್ತದೆ ಅನ್ನುವುದೇ ಗೊತ್ತಿಲ್ಲ” ಎಂದಳು. ಇಷ್ಟು ಸ್ಪಷ್ಟವಾಗಿ ತನ್ನ ಸ್ಥಿತಿಯನ್ನು ಹೇಳಬಲ್ಲ ಮಗುವಿಗೆ ಭ್ರಾಂತಿಯ ಹಣೆಪಟ್ಟಿ ಹಚ್ಚುವುದು ಅನ್ಯಾಯವಾಗುತ್ತಿತ್ತು. ಮನೋವೈದ್ಯರೊಬ್ಬರೂ ಅವಳನ್ನು ನೋಡಿ ಔಷಧಿಯ ಅಗತ್ಯವಿಲ್ಲ ಎಂದರು. ಅವಳ ಸಂಶಯಕ್ಕೆ ಆಧಾರವಿತ್ತು.

ಕುಟುಂಬಕ್ಕೆ ಯೂಟ್ಯೂಬ್‌ನಲ್ಲಿ ಒಂದು ಕನ್ನಡ ಚಾನೆಲ್ ಇತ್ತು. ತಾಯಿ ಅಡುಗೆಯ ವಿಡಿಯೋಗಳಿಂದ ಆರಂಭಿಸಿದ್ದರು: ನೀರುದೋಸೆ, ಪತ್ರೊಡೆ, ಮುಂಬಯಿ ಮಾರುಕಟ್ಟೆಯಲ್ಲಿ ಕೆಸುವಿನೆಲೆ ಹುಡುಕುವುದು. ಜನ ಪಾಕಕ್ಕಿಂತ ಹೆಚ್ಚಾಗಿ ಮನೆಯವರನ್ನು ಇಷ್ಟಪಟ್ಟರು, ಅದರಲ್ಲೂ ಹುಡುಗಿಯ ಮಾತನ್ನು. ಕ್ರಮೇಣ ಅಡುಗೆ ಹಿಂದೆ ಸರಿದು ಮನೆಯೇ ಮುಂದೆ ಬಂತು. ತಂದೆ ಖಾಸಗಿ ಕಂಪನಿಯ ಕೆಲಸ ಬಿಟ್ಟರು. ಫ್ಲ್ಯಾಟಿನ ಕಂತು, ಅಜ್ಜಿಯ ಔಷಧಿ, ಮಗನ ಶಾಲೆ ಎಲ್ಲವೂ ಚಾನೆಲ್ಲಿನ ಆದಾಯದ ಮೇಲೆ ನಿಂತವು. ಒಂದು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆಯಲ್ಲಿ ಐದು ಜನ. ದೊಡ್ಡ ಮನೆಯಾಗಿದ್ದರೆ ಹುಡುಗಿ ಯಾವುದಾದರೂ ಮೂಲೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳೇನೋ. ಇಲ್ಲಿ ಹಾಲಿನಲ್ಲಿ ಟ್ರೈಪಾಡ್ ನಿಂತರೆ ಅವಳ ಹಾಸಿಗೆ, ಪುಸ್ತಕ, ಕನ್ನಡಿ ಎಲ್ಲವೂ ಚೌಕಟ್ಟಿನೊಳಗೇ ಬರುತ್ತಿದ್ದವು.

ಹುಟ್ಟುಹಬ್ಬದ ‘ಸರ್ಪ್ರೈಸ್’ ಉಡುಗೊರೆಯ ಧ್ವನಿ ಸರಿಯಾಗಿ ದಾಖಲಾಗಲಿಲ್ಲವೆಂದು ಅದನ್ನು ಮತ್ತೆ ಕಾಗದದಲ್ಲಿ ಸುತ್ತಿ, ಮತ್ತೆ ಬಿಚ್ಚಿಸಿ, ಮತ್ತೆ ಅಚ್ಚರಿಪಡಲು ಹೇಳಿದ್ದು ಅವಳಿಗೆ ನೆನಪಿದೆ. ಆದರೆ ಅವಳೊಳಗೆ ಏನೋ ಮುರಿದದ್ದು ‘ಪ್ರ್ಯಾಂಕ್’ ವಿಡಿಯೋದಿಂದ. ಅಪ್ಪ ಅಮ್ಮ ಜೋರಾಗಿ ಜಗಳವಾಡಿದರು, ಅಪ್ಪ ಬ್ಯಾಗಿಗೆ ಬಟ್ಟೆ ತುಂಬಿ “ನಾನಿನ್ನು ಬರುವುದಿಲ್ಲ” ಎಂದು ಹೊರಟೇಬಿಟ್ಟರು. ಹುಡುಗಿ ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಕಟ್ಟಡದ ಗೇಟಿನವರೆಗೆ ಅಳುತ್ತ ಓಡಿದಳು. ಅಲ್ಲಿ ತಂದೆ ನಗುತ್ತ ತಿರುಗಿದರು. ಹಿಂದಿನಿಂದ ತಾಯಿ ಮೊಬೈಲ್ ಹಿಡಿದು ಬರುತ್ತಿದ್ದರು. ಚಾನೆಲ್ಲಿನಲ್ಲಿ ಅತಿ ಹೆಚ್ಚು ಜನ ನೋಡಿದ ವಿಡಿಯೋ ಅದು. ಥಂಬ್‌ನೇಲಿನಲ್ಲಿದ್ದದ್ದು ಅವಳ ಅಳುವ ಮುಖ.

ಈಗ ಚಿತ್ರದ ವಿಷಯಕ್ಕೆ ಬರುತ್ತೇನೆ. ಪೀಟರ್ ವಿಯರ್ ನಿರ್ದೇಶಿಸಿ, ಆ್ಯಂಡ್ರೂ ನಿಕೋಲ್ ಬರೆದು, ಜಿಮ್ ಕ್ಯಾರಿ ನಟಿಸಿದ ಈ ವಿಡಂಬನೆ ತೆರೆಕಂಡದ್ದು 1998ರಲ್ಲಿ, ಅಂದರೆ ನಮ್ಮ ‘ಬಿಗ್ ಬಾಸ್’ಗೆ ಮೂಲವಾದ ‘ಬಿಗ್ ಬ್ರದರ್’ ಟಿವಿ ಕಾರ್ಯಕ್ರಮ ಹಾಲೆಂಡಿನಲ್ಲಿ ಶುರುವಾಗುವುದಕ್ಕೆ ಒಂದು ವರ್ಷ ಮೊದಲು. ಕಂಪನಿಯೊಂದು ದತ್ತು ತೆಗೆದುಕೊಂಡ ಟ್ರೂಮನ್ ಎಂಬವನು ಬೃಹತ್ ಗುಮ್ಮಟದೊಳಗೆ ಕಟ್ಟಿದ ಊರಿನಲ್ಲಿ ಬೆಳೆಯುತ್ತಾನೆ. ಹೆಂಡತಿ, ತಾಯಿ, ಬಾಲ್ಯದ ಗೆಳೆಯ ಎಲ್ಲರೂ ಸಂಬಳದ ನಟರು, ಸುಮಾರು 5,000 ಕ್ಯಾಮೆರಾಗಳ ಮೂಲಕ ಜಗತ್ತು ಅವನನ್ನು ಹಗಲಿರುಳು ನೋಡುತ್ತದೆ, ಅವನೊಬ್ಬನಿಗೆ ಮಾತ್ರ ಅದು ಗೊತ್ತಿಲ್ಲ. ಅವನು ಊರು ಬಿಟ್ಟು ಹೋಗದಂತೆ ನೀರಿನ ಭಯ ಹುಟ್ಟಿಸಬೇಕೆಂದು, ಅವನು ಚಿಕ್ಕವನಿದ್ದಾಗ ಅವನ ‘ತಂದೆ’ ಬಿರುಗಾಳಿಯಲ್ಲಿ ಮುಳುಗಿ ಸತ್ತಂತೆ ಕಾರ್ಯಕ್ರಮದ ಸೃಷ್ಟಿಕರ್ತ ಹೂಡುತ್ತಾನೆ. ಹುಡುಗಿ ನನಗೆ ಹೇಳಿದ್ದು ಈ ದೃಶ್ಯದ ಬಗ್ಗೆ: “ಅವನ ಅಪ್ಪ ಸತ್ತದ್ದು ಸುಳ್ಳು, ಆದರೆ ಅವನು ಅತ್ತದ್ದು ನಿಜ. ನನ್ನದೂ ಹಾಗೇ.” ಇನ್ನೊಂದು ದೃಶ್ಯವನ್ನೂ ಅವಳು ಹಿಡಿದಿದ್ದಳು. ಟ್ರೂಮನ್ ಸಂಕಟದಲ್ಲಿದ್ದಾಗ ಹೆಂಡತಿ ಇದ್ದಕ್ಕಿದ್ದಂತೆ ಕೋಕೋ ಪುಡಿಯ ಗುಣಗಾನ ಮಾಡತೊಡಗುತ್ತಾಳೆ, ಅವನು ನೀನು ಯಾರೊಡನೆ ಮಾತನಾಡುತ್ತಿದ್ದೀ ಎಂದು ಕೇಳುತ್ತಾನೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ ತಾಯಿ ತನ್ನನ್ನು ಸಮಾಧಾನಪಡಿಸುತ್ತಲೇ ಪ್ರಾಯೋಜಕರ ಮಸಾಲೆ ಪೊಟ್ಟಣವನ್ನು ಕ್ಯಾಮೆರಾದ ಕಡೆ ತಿರುಗಿಸಿದ್ದನ್ನು ಅವಳು ಮರೆತಿರಲಿಲ್ಲ.

ಹಾಗಾಗಿ ಸಿನಿಮಾ ಈ ಮಗುವಿನ ತಲೆ ಕೆಡಿಸಿತು ಎಂಬ ಮಾತನ್ನು ನಾನು ಒಪ್ಪಲಿಲ್ಲ. ಹೇಳಲು ಬಾರದಿದ್ದ ಸಂಕಟಕ್ಕೆ ಅದು ಮಾತು ಕೊಟ್ಟಿತು. ಬಚ್ಚಲ ಬಾಗಿಲಲ್ಲಿ ಅವಳು ನಿಂತದ್ದು ಕಲ್ಲುಹೃದಯದಿಂದಲ್ಲ. ಒಮ್ಮೆ ಹೃದಯ ಬಾಯಿಗೆ ಬರುವಂತೆ ಓಡಿ ಮೋಸಹೋದ ಮಗು ಎರಡನೆಯ ಸಲ ಓಡುವ ಮೊದಲು ಖಾತ್ರಿ ಮಾಡಿಕೊಳ್ಳಲು ನೋಡಿತು. ಇದನ್ನು ತಂದೆತಾಯಿಗೆ ವಿವರಿಸಿದಾಗ ತಾಯಿ ಅತ್ತರು. ತಂದೆ ವಾದಿಸಿದರು. ತಾವು ಯಾವುದೂ ಸುಳ್ಳು ತೋರಿಸುತ್ತಿಲ್ಲ, ಇದ್ದದ್ದನ್ನೇ ಸ್ವಲ್ಪ ಅಚ್ಚುಕಟ್ಟು ಮಾಡುತ್ತೇವೆ, ‘ಬಿಗ್ ಬಾಸ್’ನಲ್ಲಿ ದೊಡ್ಡದೊಡ್ಡವರೇ ಹೋಗಿ ಕೂರುವುದಿಲ್ಲವೇ, ನೋಡುವವರು ಇವಳನ್ನು ಸ್ವಂತ ಮಗಳಂತೆ ಪ್ರೀತಿಸುತ್ತಾರೆ ಎಂದರು. ‘ಬಿಗ್ ಬಾಸ್’ ಮನೆಗೆ ಹೋಗುವವರು ವಯಸ್ಕರು, ಕರಾರಿಗೆ ಸಹಿ ಹಾಕಿ, ಕ್ಯಾಮೆರಾ ಇದೆಯೆಂದು ತಿಳಿದೇ ಹೋಗುತ್ತಾರೆ, ಕೆಲವು ವಾರಗಳಲ್ಲಿ ಸ್ವಂತ ಮನೆಗೆ ಮರಳುತ್ತಾರೆ ಎಂದು ನಾನು ಹೇಳಿದೆ. ನಿಮ್ಮ ಮಗಳಿಗೆ ಮರಳಲು ಇರುವ ಮನೆಯೇ ಅದು.

ಮೊಬೈಲುಗಳನ್ನು ಬದಿಗಿಟ್ಟು ಮೂವರೂ ಕೂಡಿ ಆ ಚಿತ್ರವನ್ನು ನೋಡಲು ಹೇಳಿದೆ. ಸಲಹೆಯಾಗಿ ಸಿನಿಮಾ ತೋರಿಸುವುದು ನನ್ನ ರೂಢಿಯಲ್ಲ, ಆದರೆ ಹುಡುಗಿ ಆಗಲೇ ಅದರ ಮೂಲಕ ಮಾತನಾಡುತ್ತಿದ್ದಳು, ಹೆತ್ತವರಿಗೆ ಆ ಭಾಷೆ ತಿಳಿಯಬೇಕಿತ್ತು. ತಂದೆಯನ್ನು ತಟ್ಟಿದ್ದು ಚಿತ್ರದ ಮುಕ್ತಾಯ. ಟ್ರೂಮನ್ ಬಾಗಿಲು ದಾಟಿ ಹೊರನಡೆದಾಗ ಇಷ್ಟು ವರ್ಷ ಅವನಿಗಾಗಿ ಅತ್ತು ನಕ್ಕ ಪ್ರೇಕ್ಷಕರು ಕುಣಿದು ಸಂಭ್ರಮಿಸುತ್ತಾರೆ. ಅವರಲ್ಲಿ ಇಬ್ಬರು ಕಾವಲುಗಾರರು ಮರುಕ್ಷಣವೇ ಬೇರೆ ಚಾನೆಲ್ಲಿನಲ್ಲಿ ಏನಿದೆ ಎಂದು ಹುಡುಕತೊಡಗುತ್ತಾರೆ. “ನಮ್ಮ ಸಬ್‌ಸ್ಕ್ರೈಬರುಗಳೂ ಅಷ್ಟೇ ಅಲ್ಲವೇ” ಎಂದು ಮುಂದಿನ ಭೇಟಿಯಲ್ಲಿ ಅವರಾಗಿಯೇ ಹೇಳಿದರು. ಅಂದಿನಿಂದ ನಮ್ಮ ಕೆಲಸ ಸಲೀಸಾಯಿತು.

ಚಾನೆಲ್ಲನ್ನು ನಾಳೆಯೇ ಮುಚ್ಚಿ ಎಂದು ನಾನು ಹೇಳಲಿಲ್ಲ. ಮನೆಯ ಅನ್ನ ಅದರಿಂದ ಬರುತ್ತಿರುವಾಗ ಹಾಗೆ ಹೇಳಿದರೆ ಕುಟುಂಬ ಬಡವಾದದ್ದಕ್ಕೆ ತಾನೇ ಕಾರಣವೆಂಬ ಭಾರವೂ ಹುಡುಗಿಯ ಮೇಲೆಯೇ ಬೀಳುತ್ತದೆ. ಮೊದಲ ಕೆಲಸ ಕ್ಷಮೆ ಕೇಳುವುದಾಗಿತ್ತು. ತಂದೆ ತಾಯಿ ಇಬ್ಬರೂ, ಕ್ಯಾಮೆರಾ ಇಲ್ಲದೆ, ಆ ಪ್ರ್ಯಾಂಕಿಗಾಗಿ ಅವಳ ಬಳಿ ಕ್ಷಮೆ ಕೇಳಬೇಕು, ಅದನ್ನು ಎಲ್ಲಿಯೂ ವಿಡಿಯೋ ಮಾಡಬಾರದು, ಅವಳು ತಕ್ಷಣ ಕ್ಷಮಿಸಬೇಕೆಂದು ನಿರೀಕ್ಷಿಸಲೂಬಾರದು ಎಂದೆ. ಭಯ, ಸಾವು, ಅಗಲಿಕೆ, ಕಾಯಿಲೆಗಳನ್ನು ನಟಿಸಿ ಮಕ್ಕಳ ಪ್ರತಿಕ್ರಿಯೆ ಪಡೆಯುವುದು ಆ ಮನೆಯಲ್ಲಿ ಇನ್ನೆಂದೂ ನಡೆಯಬಾರದು. ಈ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ, ಬೇರೆ ಯಾವ ಮನೆಯವರು ಕೇಳಿದರೂ ಇದನ್ನೇ ಹೇಳುತ್ತೇನೆ.

ಎರಡನೆಯದಾಗಿ, ಕ್ಯಾಮೆರಾ ಆನ್ ಇದೆಯೋ ಇಲ್ಲವೋ ಎಂಬುದನ್ನು ಹುಡುಗಿ ಊಹಿಸಬೇಕಾದ ಸ್ಥಿತಿ ಹೋಗಬೇಕಿತ್ತು. ಚಿತ್ರೀಕರಣ ಅಡುಗೆಮನೆಗೆ ಸೀಮಿತವಾಯಿತು. ಹಾಲಿನಿಂದ ಟ್ರೈಪಾಡ್ ತೆಗೆದು ಕಪಾಟಿನಲ್ಲಿಟ್ಟರು. ಸಂಜೆ ಏಳರ ನಂತರ ಮನೆಯಲ್ಲಿ ಯಾರೂ ರೆಕಾರ್ಡ್ ಮಾಡುವುದಿಲ್ಲವೆಂದು ಗೊತ್ತುಮಾಡಿದರು. ಮೂರನೆಯದು ಹಳೆಯ ವಿಡಿಯೋಗಳು. ಹುಡುಗಿಯೇ ಕೂತು ಬೇಡವಾದವುಗಳನ್ನು ಗುರುತು ಹಾಕಿದಳು, ಹೆತ್ತವರು ಚರ್ಚೆಗೆ ಇಳಿಯದೆ ಅವನ್ನು ಅಳಿಸಿದರು. ಪ್ರ್ಯಾಂಕ್ ವಿಡಿಯೋ ಮೊದಲು ಹೋಯಿತು. ಬೇರೆಯವರು ತುಣುಕುಗಳನ್ನು ಇಳಿಸಿಕೊಂಡು ಹಂಚಿರುವುದನ್ನು ಪೂರ್ತಿ ಅಳಿಸಲಾಗದು ಎಂಬುದನ್ನೂ ಅವಳಿಗೆ ಮರೆಮಾಚದೆ ತಿಳಿಸಿದ್ದೇನೆ. ಸಹಪಾಠಿಗಳು ಆ ತುಣುಕುಗಳಿಂದ ಕೀಟಲೆ ಮಾಡುತ್ತಿದ್ದುದರಿಂದ ತರಗತಿಯ ಶಿಕ್ಷಕಿಯೊಂದಿಗೆ ತಾಯಿ ಮಾತನಾಡಿದರು.

ಹಣದ ವಿಷಯವನ್ನೂ ಎತ್ತಿದೆ, ಇದಕ್ಕೆ ಹೆತ್ತವರು ಸಿದ್ಧರಾಗಿರಲಿಲ್ಲ. ಬಾಲಕಾರ್ಮಿಕ ಕಾಯ್ದೆಯ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿಯಂತೆ, ಹದಿನಾಲ್ಕು ತುಂಬದ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮಗುವಿನ ಆದಾಯದ ಕನಿಷ್ಠ 20 ಶೇಕಡಾ ಭಾಗವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಯಾಗಿ ಇಡಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು. ಈ ನಿಯಮಗಳು ನಿರ್ಮಾಪಕರನ್ನು ಮನಸ್ಸಿನಲ್ಲಿಟ್ಟು ಬರೆದವು. ತಂದೆಯೇ ನಿರ್ಮಾಪಕ, ಹಾಲೇ ಸೆಟ್ ಆದಾಗ ಬಾಗಿಲು ತಟ್ಟಿ ಕೇಳುವ ಅಧಿಕಾರಿ ಬರುವುದಿಲ್ಲ. ಫ್ರಾನ್ಸ್ 2020ರಲ್ಲಿ ಇಂಥ ಮಕ್ಕಳಿಗಾಗಿಯೇ ಕಾನೂನು ತಂದಿತು. ತಮ್ಮ ವಿಡಿಯೋಗಳನ್ನು ತೆಗೆಸುವ ಹಕ್ಕನ್ನು ಹೆತ್ತವರ ಒಪ್ಪಿಗೆಯಿಲ್ಲದೆಯೇ ಮಕ್ಕಳು ಚಲಾಯಿಸಬಹುದು ಎಂದು ಅದು ಹೇಳುತ್ತದೆ. ಕಾನೂನಿಗಾಗಿ ಕಾಯದೆ ಅದರ ಸಾರವನ್ನು ಮನೆಯಲ್ಲಿ ಜಾರಿಗೆ ತನ್ನಿ ಎಂಬುದು ನನ್ನ ಸಲಹೆಯಾಗಿತ್ತು. ಹುಡುಗಿಯ ಹೆಸರಿನಲ್ಲಿ ಠೇವಣಿ ಇಟ್ಟಿದ್ದಾರೆ. ತಂದೆ ಮತ್ತೆ ಕೆಲಸ ಹುಡುಕಿ ಐರೋಲಿಯ ಕಡೆ ಒಂದು ಕಚೇರಿಗೆ ಸೇರಿದ್ದಾರೆ. ಚಾನೆಲ್ಲು ಪುನಃ ಅಡುಗೆಯದಾಗಿದೆ, ಆದಾಯ ಬಹಳ ಇಳಿದಿದೆ.

ಇದನ್ನು ಓದುವ ಹೆತ್ತವರಿಗೆ ಒಂದು ಮಾತು. ಮಗು ‘ನನ್ನನ್ನು ಯಾರೋ ನೋಡುತ್ತಿದ್ದಾರೆ’ ಎಂದರೆ ಮೊದಲು ಮನೆಯಲ್ಲಿ ನಿಜವಾಗಿ ಯಾರು, ಎಷ್ಟು ನೋಡುತ್ತಿದ್ದಾರೆ ಎಂದು ಪ್ರಾಮಾಣಿಕವಾಗಿ ಪರಿಶೀಲಿಸಿ. ಸಂಶಯ ಅಪರಿಚಿತರವರೆಗೆ ಹಬ್ಬುತ್ತಿದ್ದರೆ, ಕಾಣದ ಧ್ವನಿಗಳು ಕೇಳಿಸುತ್ತಿದ್ದರೆ, ನಿದ್ದೆ ದಿನಗಟ್ಟಲೆ ಕೆಟ್ಟಿದ್ದರೆ, ಇಷ್ಟಪಡುತ್ತಿದ್ದ ಗೆಳೆಯರನ್ನೂ ಓದನ್ನೂ ಬಿಟ್ಟಿದ್ದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಆಗ ‘ಹಾಗೇನೂ ಇಲ್ಲ’ ಎಂದು ವಾದಿಸುವುದರಿಂದಲೂ ‘ಹೌದು’ ಎಂದು ಒಪ್ಪುವುದರಿಂದಲೂ ಉಪಯೋಗವಿಲ್ಲ. ನಿನಗೆ ಹೆದರಿಕೆಯಾಗಿದೆ, ನಾನು ಜೊತೆಗಿದ್ದೇನೆ ಎಂಬ ಮಾತು ಸಾಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಹುಡುಗಿ ಈಗ ದೀಪ ಆರಿಸದೆ ಬಟ್ಟೆ ಬದಲಿಸುತ್ತಾಳೆ, ಅಜ್ಜಿಗೆ ಕೈಯ ವ್ಯಾಯಾಮ ಮಾಡಿಸುತ್ತಾಳೆ. ತಂದೆಯ ಮೇಲಿನ ನಂಬಿಕೆ ಪೂರ್ತಿ ಮರಳಿಲ್ಲ, ಅವರು ತಮಾಷೆ ಮಾಡಿದರೂ ಒಂದು ಕ್ಷಣ ಮುಖ ನೋಡುತ್ತಾಳೆ. ಅದಕ್ಕೆ ಕಾಲ ಬೇಕು, ತಂದೆ ಅದನ್ನು ಒಪ್ಪಿಕೊಂಡಿದ್ದಾರೆ. ಬರುವ ಬೇಸಿಗೆಯಲ್ಲಿ ಊರಿನಲ್ಲಿ ನಡೆಯುವ ತಮ್ಮನ ಉಪನಯನವನ್ನು ಚಾನೆಲ್ಲಿಗೆ ಹಾಕಬೇಕೆಂದು ತಾಯಿಗೆ ಆಸೆಯಿದೆ. ಹುಡುಗಿ ತಾನು ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲವೆಂದಳು. ತಮ್ಮನಿಗೆ ಒಂಬತ್ತು ವರ್ಷ, ಅವನನ್ನೂ ಯಾರಾದರೂ ಕೇಳಬೇಕು ಎಂದಳು. ಮುಂದಿನ ಭೇಟಿಗೆ ತಮ್ಮನನ್ನೂ ಕರೆತರುವಂತೆ ಹೇಳಿದ್ದೇನೆ.